ಮಾವನವರಿಗೊಂದು ಹಗುರ ರೈಫಲ್

ಹೊಸಬರಿಗೆ ಬೇಟೆಯ ರೈಫಲ್ ಆರಿಸಿಕೊಡುವುದು ಅಂಥ ಕಷ್ಟದ ಕೆಲಸವೇನಲ್ಲ. ಅದುವರೆಗೆ ಜನ್ಮದಲ್ಲಿ ರೈಫಲ್ ಮುಟ್ಟಿರದ ನಾನೇ ಆರಿಸಿಕೊಟ್ಟಿದ್ದೇನೆ!

ನನ್ನ ಮಾವನವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ನೌಕರಿಯುದ್ದಕ್ಕೂ ಹಸಿರು ಬಾವುಟ, ಕೆಂಪು ಬಾವುಟ ಬಿಟ್ಟು ಬೇರೆ ಆಯುಧ ಹಿಡಿದವರಲ್ಲ. ನಿವೃತ್ತರಾದ ಮೇಲೆ ನಾಗಪುರದಾಚೆ ಕಾಟೋಲ್ ಹತ್ತಿರ ಸಣ್ಣದೊಂದು ಕಿತ್ತಳೆ ತೋಟ ಮಾಡಿದರು. ಕಾಡುಹಂದಿಗಳು ಎಳೆ ಗಿಡಗಳನ್ನು ಬುಡಮೇಲು ಮಾಡತೊಡಗಿದವು. ಮಾವನವರು ಬಂದೂಕಿನ ಲೈಸೆನ್ಸ್ ಪಡೆದು ನೇರವಾಗಿ ನಮ್ಮ ಮನೆಗೆ ಬಂದರು.

“ಅಳಿಯಂದ್ರ, ನೀವು ಪೇಪರಿನವ್ರು. ನನ್ನಂಥ ಹೊಸಬರಿಗೆ ಬರೋಬರ್ ಆಗೋ ಬಂದೂಕು ಯಾವುದು, ವಿಚಾರ ಮಾಡಿ ಹೇಳ್ರಿ” ಎಂದರು.

ಮದುವೆಯಾದಂದಿನಿಂದ, ಚಹಾಕ್ಕೆ ಸಕ್ಕರೆ ಸಾಕೇ ಎಂಬುದನ್ನು ಬಿಟ್ಟರೆ ಅವರು ನನ್ನ ಅಭಿಪ್ರಾಯ ಕೇಳಿದ್ದು ಇದೇ ಮೊದಲು. ಅಳಿಯನಿಗೆ ಲೋಕಜ್ಞಾನವಿದೆ ಎಂದು ಸಾಬೀತು ಮಾಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ.

“ಮನ್ಯಾಗ ಹಲ್ಲಿ ಬಂದ್ರ ನನ್ನ ಕರೀತೀರಿ. ನೀವು ಅಪ್ಪಗ ಬಂದೂಕು ಆರಿಸ್ತೀರೇನ್ರೀ?” ಎಂದಳು ಹೆಂಡತಿ ಸುಮತಿ.

“ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಲಾಗುವುದು” ಎಂದೆ.

ನಾನು ನಾಗಪುರದ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಉಪಸಂಪಾದಕ. ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಪರಸ್ಪರ ಪರಿಚಯವಿಲ್ಲದ ಇಬ್ಬರು ಒಂದೇ ಮಾತು ಹೇಳಿದರೆ ಅದು ಸುದ್ದಿ. ಒಬ್ಬನೇ ಹೇಳಿದರೆ ಗಾಳಿಮಾತು.

ಮೊದಲ ಸಾಕ್ಷಿ ಪಕ್ಕದ ಮನೆಯ ಕುಲಕರ್ಣಿ. ಸರಕಾರಿ ಮದ್ದುಗುಂಡಿನ ಗೋದಾಮಿನಲ್ಲಿ ಲೆಕ್ಕದ ಗುಮಾಸ್ತ. ಗೇಟಿನ ಕಾವಲುಗಾರನ ಹೆಗಲ ಮೇಲಿನ ಬಂದೂಕನ್ನು ದಿನಾ ನೋಡುವವರು.

“ಹಗುರಂದ ತಗೋರಿ. ಹೊಸಬರು ಭಾರದ್ದು ಎತ್ತೂದ್ರಾಗ ಹಂದಿ ಒಂದು ನಿದ್ದಿ ಮಾಡಿ ಎದ್ದು ಹೋಗಿರ್ತದ!” ಎಂದರು.

ಎರಡನೆಯ ಸಾಕ್ಷಿ ಊರಿನ ಹಳೆಯ ಪೇಟೆ ಮಹಾಲಿನ ಬಾಪೂಸಾಹೇಬರು. ಅವರ ವಾಡೆಯ ಗೋಡೆಯ ಮೇಲೆ ಹುಲಿಯ ತಲೆಯಿದೆ. ಹೊಡೆದದ್ದು ಅವರ ಅಜ್ಜ. “ಹಲಕೀ ಘ್ಯಾ, ಹಲಕೀ!” ಎಂದು ಮರಾಠಿಯಲ್ಲಿ ಹಗುರದ್ದನ್ನೇ ಶಿಫಾರಸು ಮಾಡಿದರು. ಭಾರದ್ದಾದರೆ, ಎತ್ತುವುದರೊಳಗೆ ಹಂದಿ ನಿದ್ದೆ ತೆಗೆದು ಎದ್ದು ಹೋಗುತ್ತದಂತೆ!

ನನಗೆ ರೋಮಾಂಚನವಾಯಿತು. ಸಾಕ್ಷ್ಯ ಹಂದಿಯ ನಿದ್ದೆಯವರೆಗೂ ತಾಳೆಯಾಗುತ್ತಿದೆ! ಇನ್ನೇನು ಬೇಕು?

ಸೀತಾಬರ್ಡಿ ಪೇಟೆಯ ಬಂದೂಕಿನ ಅಂಗಡಿಯವನು ಎರಡು ರೈಫಲ್ ಮುಂದಿಟ್ಟ. ಎರಡಕ್ಕೂ ಒಂದೇ ಬಗೆಯ ಕಾಡತೂಸು. ಒಂದು ಭಾರ, ಇನ್ನೊಂದು ಹಗುರ. ಭಾರದ್ದು ಭುಜಕ್ಕೆ ಕಡಿಮೆ ಒದೆಯುತ್ತದೆ, ಹೊಸಬರಿಗೆ ಅದೇ ಒಳ್ಳೆಯದು ಎಂದ. ಮಾರುವವನ ಹೇಳಿಕೆಯನ್ನು ಸುದ್ದಿಮೂಲವೆಂದು ಪರಿಗಣಿಸುವ ಪದ್ಧತಿ ನಮ್ಮಲ್ಲಿಲ್ಲ. ಹಗುರದ್ದನ್ನೇ ಕೊಂಡೆವು.

ರವಿವಾರ ತೋಟದಲ್ಲಿ ಪರೀಕ್ಷೆ. ಕುಲಕರ್ಣಿಯವರನ್ನೂ ಕರೆದುಕೊಂಡು ಹೋಗಿದ್ದೆವು. ನಾಲೆಯ ಎತ್ತರದ ದಂಡೆಗೆ ಆನಿಸಿ ಒಂದು ಖಾಲಿ ಗಡಿಗೆ ಇಟ್ಟರು.

“ಆರಿಸಿದವ್ರು ನೀವು. ಮೊದಲ ಮಾನ ನಿಮ್ಮದ” ಎಂದರು ಮಾವನವರು.

ನಾನು ಗುರಿಯಿಟ್ಟು ಹಾರಿಸಿದೆ. ಮುಂದಿನದನ್ನು ಪ್ರತ್ಯಕ್ಷದರ್ಶಿಗಳ ಹೇಳಿಕೆಯ ಆಧಾರದ ಮೇಲೆ ವರದಿ ಮಾಡುತ್ತಿದ್ದೇನೆ, ಏಕೆಂದರೆ ನನ್ನ ಕಣ್ಣು ಮುಚ್ಚಿತ್ತು. ಕನ್ನಡಕ ಕಿತ್ತಳೆ ಗಿಡದ ಮೇಲೆ ಸಿಕ್ಕಿತು. ನಾನು ಅದೇ ಗಿಡದ ಪಾತಿಯ ಕೆಸರಿನಲ್ಲಿ ಸಿಕ್ಕೆ.

“ಗಡಿಗಿಗೆ ಏನೂ ಆಗಿಲ್ಲ. ನಿಮಗೇನಾತ್ರೀ?” ಎಂದು ಓಡಿಬಂದಳು ಸುಮತಿ.

“ಹೊಸ ಬಂದೂಕು. ಇನ್ನೂ ಪಳಗಿಲ್ಲ” ಎಂದೆ.

ಮುಂದೆ ಮಾವನವರ ಸರದಿ. ಅಳಿಯನಾಗಿ ನನಗೂ ಜವಾಬ್ದಾರಿ ಇದೆಯಲ್ಲ! ಅವರ ಭುಜಕ್ಕೂ ಬಂದೂಕಿಗೂ ನಡುವೆ ಗುಡಿಸಲಿನ ಒಂದು ಹಳೆಯ ದಿಂಬು ಸಿಕ್ಕಿಸಿದೆ. ಢಂ! ದಿಂಬು ಸಿಡಿದು ತೋಟದ ತುಂಬ ಹತ್ತಿ ಹಾರಿತು. ಮಾವನವರು ಸಂತೆಗೆ ತುಂಬಿಟ್ಟಿದ್ದ ಕಿತ್ತಳೆ ಬುಟ್ಟಿಯಲ್ಲಿ ಆಸೀನರಾಗಿದ್ದರು. ಯಾವುದು ಮೀಸೆ, ಯಾವುದು ಹತ್ತಿ ಎಂದು ತಿಳಿಯುವಂತಿರಲಿಲ್ಲ. ಗಡಿಗೆ ಮಾತ್ರ ಸುರಕ್ಷಿತ.

ಮೀಸೆಯ ಹತ್ತಿ ಕೊಡವಿಕೊಳ್ಳುತ್ತ ಮಾವನವರು ಹೇಳಿದರು: “ಅಳಿಯಂದ್ರ, ಈ ಬಂದೂಕು ಹಂದೀ ಕೈಯಾಗ ಕೊಡ್ರಿ. ತಾನ ಹಾರಿಸಿ ತಾನ ಸಾಯ್ತದ.”

ನಾನು ಕುಲಕರ್ಣಿಯವರ ಕಡೆ ತಿರುಗಿದೆ. “ಹಗುರಂದ ತಗೋರಿ ಅಂದವ್ರು ನೀವು!”

“ನಾ ಎಲ್ಲಿ ಬಂದೂಕು ಹಿಡಿದೀನ್ರಿ? ನಿಮ್ಮ ಪೇಪರಿನ ರವಿವಾರದ ಪುಟದಾಗ ಬಂದಿತ್ತಲ್ಲ! ಹಂದಿ ನಿದ್ದಿ ಮಾಡೂದೂ ಅದರಾಗ ಇತ್ತು. ಇಡೀ ನಾಗಪುರ ಓದೇದ.”

ಆಗ ನೆನಪಾಯಿತು. ಹಿಂದೊಮ್ಮೆ ಆ ಪುಟದಲ್ಲಿ ಸ್ವಲ್ಪ ಜಾಗ ಖಾಲಿ ಉಳಿದಿತ್ತು. ಅಚ್ಚುಮನೆಯವರು ಜಲ್ದಿ ಜಲ್ದಿ ಎನ್ನುತ್ತಿದ್ದರು. ಹೊಸ ಬೇಟೆಗಾರರಿಗೆ ಸಲಹೆಯೊಂದನ್ನು ನಿಂತಲ್ಲೇ ಗೀಚಿ, ‘ಅನುಭವಿ ಶಿಕಾರಿಯೊಬ್ಬರಿಂದ’ ಎಂದು ಮೇಲೆ ಹಾಕಿ ಜಾಗ ತುಂಬಿಸಿದ್ದೆ. ಆ ಅನುಭವಿ ನಾನೇ!

“ಅದನ್ನ ಬರದಾವ ನನಗ ಒಮ್ಮೆ ಸಿಗಬೇಕು” ಎಂದು ಮಾವನವರು ಭುಜ ತಿಕ್ಕಿಕೊಂಡರು.

ಸುಮತಿ ನನ್ನ ಮುಖ ನೋಡಿದಳು. “ಸಿಕ್ಕಾರಪ್ಪಾ. ಕೆಸರಿನ ಅಂಗಿ ಹಾಕ್ಕೊಂಡು ನಿಂತಾರ ನೋಡು.”

ಮಾವನವರು ಬೈಯಲಿಲ್ಲ. ಮರುದಿನ ತಾವೇ ಹೋಗಿ ಭಾರದ ರೈಫಲ್‌ಗೆ ಬದಲಾಯಿಸಿಕೊಂಡು ಬಂದರು. ಇನ್ನು ಈ ಜನ್ಮದಲ್ಲಿ ನನ್ನನ್ನು ಏನೂ ಕೇಳಲಾರರು ಎಂದುಕೊಂಡೆ. ತಪ್ಪು. ಈಗ ರೇಡಿಯೋ ಇರಲಿ, ಎತ್ತು ಇರಲಿ, ಕೊಳ್ಳುವ ಮುನ್ನ ತಪ್ಪದೆ ನನ್ನನ್ನು ವಿಚಾರಿಸುತ್ತಾರೆ. ನಾನು ಹೇಳುವುದನ್ನೆಲ್ಲ ಗಮನವಿಟ್ಟು ಕೇಳುತ್ತಾರೆ. ಆಮೇಲೆ ಹೋಗಿ ಬೇರೆಯದನ್ನು ಕೊಂಡು ತರುತ್ತಾರೆ.

ಇಂದಿನವರೆಗೆ ಒಂದೂ ಕೆಟ್ಟಿಲ್ಲ!