ಮುಗದದ ಪಾಟೀಲರ ರೊಟ್ಟಿ

ಊರ ಮಕ್ಕಳಿಗೆಲ್ಲ ಕಂಪ್ಯೂಟರ್ ಕಲಿಸುವ ಮಾಸ್ತರನಾದ ನನಗೆ, ಸ್ವಂತ ಹೆಂಡತಿಯ ವೆಬ್‌ಸೈಟನ್ನು ನಿದ್ದೆಯಿಂದ ಎಬ್ಬಿಸುವುದು ಯಾವ ಲೆಕ್ಕ ಎಂದುಕೊಂಡಿದ್ದೆ. ಈಗ ಆ ಮಾತು ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ನಮ್ಮಾಕೆ ಶಾಂತಾ ಲಕಮನಹಳ್ಳಿಯ ನಮ್ಮ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಪಕ್ಕದ ಮನೆಯ ಸುಶೀಲಾ ಕಾಕು ಅವಳ ಜೊತೆಗಾರ್ತಿ. ಫೋನಿನಲ್ಲಿ ಸುಖವಾಗಿ ನಡೆಯುತ್ತಿದ್ದ ಈ ವ್ಯಾಪಾರಕ್ಕೆ ವೆಬ್‌ಸೈಟ್ ಬೇಕೇ ಬೇಕು ಎಂದು ಹಟ ಹಿಡಿದವನು ನಾನು. ಯಾರೂ ಕೇಳಿರಲಿಲ್ಲ. ಅದರಲ್ಲಿ ಗಿರಾಕಿಗಳು ಹೆಸರು, ಊರು, ಫೋನ್ ನಂಬರು ತುಂಬಿದರೆ ಶಾಂತಾಳ ಮೊಬೈಲಿಗೆ ಸಂದೇಶ ಬರುತ್ತಿತ್ತು. ಇಬ್ಬರು ಹೆಂಗಸರು ಒಂದು ದಿನಕ್ಕೆ ಬಡಿಯಬಹುದಾದಷ್ಟು ರೊಟ್ಟಿಗೆ ಆರ್ಡರ್ ಬಂದ ಕೂಡಲೇ ‘ಇವತ್ತಿನ ರೊಟ್ಟಿ ಮುಗಿದವು, ಕ್ಷಮಿಸಿ’ ಎಂದು ವೆಬ್‌ಸೈಟ್ ತಾನೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಈ ಬಾಗಿಲಿನ ಬಗ್ಗೆ ನನಗೆ ವಿಶೇಷ ಅಭಿಮಾನವಿತ್ತು.

ಕೊರತೆ ಒಂದೇ. ನಾನು ಹಿಡಿದದ್ದು ಅತಿ ಅಗ್ಗದ ಬಾಡಿಗೆ ಸರ್ವರು. ಸ್ವಲ್ಪ ಹೊತ್ತು ಯಾರೂ ಬರದಿದ್ದರೆ ಅದು ನಮ್ಮ ಪ್ರೋಗ್ರಾಮನ್ನು ಮಲಗಿಸಿಬಿಡುತ್ತಿತ್ತು. ಆಮೇಲೆ ಬಂದ ಮೊದಲ ಗಿರಾಕಿ, ಅದು ಎದ್ದು, ಮೈಮುರಿದು, ಕೆಲಸಕ್ಕೆ ನಿಲ್ಲುವ ತನಕ ಬಿಳಿ ಪರದೆ ನೋಡುತ್ತ ಕೂರಬೇಕು. ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರ ವಾರ್ಡನ್ ಮೇಡಂ ಹಾಗೆಯೇ ಕೂತು, ಬೇಸತ್ತು, ಮುಚ್ಚಿಬಿಟ್ಟಿದ್ದರು. ವಾರಾವಾರಾ ರೊಟ್ಟಿ ಒಯ್ಯುವ ಗಿರಾಕಿ! ಶಾಂತಾ ಕೈಕಾಲು ಹಿಡಿದ ಮೇಲೆ, ರವಿವಾರ ಮುಂಜಾನೆ ಇನ್ನೊಮ್ಮೆ ತೆರೆದು ನೋಡುತ್ತೇವೆ, ಆಗಲೂ ಆಗದಿದ್ದರೆ ಬೇರೆಯವರಿಗೆ ಹೇಳುತ್ತೇವೆ ಎಂದರು.

“ಹಂಚು ಆರಿಸಿಟ್ರ ಮೊದಲನೇ ರೊಟ್ಟಿ ತಡಾನ ಆಗತೈತಿ,” ಎಂದಳು ಶಾಂತಾ. “ನಿಮ್ಮ ಹಂಚು ಒಂದಿಷ್ಟು ಬಿಸಿ ಇಡ್ರಿ.”

“ನೀ ಚಿಂತಿ ಮಾಡಬ್ಯಾಡ,” ಎಂದೆ.

ಪ್ರೋಗ್ರಾಮನ್ನು ಸದಾ ಎಚ್ಚರವಾಗಿಡುವ ಸೌಲಭ್ಯ ಹೆಚ್ಚು ಬಾಡಿಗೆ ಕೊಡುವವರಿಗೆ ಮಾತ್ರ ಇತ್ತು. ನಾನು ಜಾಣ. ಶನಿವಾರ ಸಂಜೆ ಬೇರೊಂದು ಏರ್ಪಾಡು ಮಾಡಿದೆ. ನಮ್ಮ ವೆಬ್‌ಸೈಟಿನ ಕದವನ್ನು ಆಗಾಗ ತಾನಾಗಿಯೇ ತಟ್ಟುತ್ತಿರುವ ಏರ್ಪಾಡು. ಯಾರೋ ಬಂದರೆಂದು ತಿಳಿದು ಅದು ಮಲಗುವುದಿಲ್ಲ. ತಟ್ಟಬೇಕಾದ ವಿಳಾಸವನ್ನು ಟೈಪು ಮಾಡಲು ಬೇಜಾರಾಗಿ, ಕಂಪ್ಯೂಟರಿನಲ್ಲಿ ಸಿಕ್ಕ ಹಳೆಯ ಲಿಂಕೊಂದನ್ನು ಅಂಟಿಸಿ ಊಟಕ್ಕೆ ಎದ್ದೆ.

ಬೆಳಿಗ್ಗೆ ಶಾಂತಾಳ ಮುಖ ಅರಳಿತ್ತು. “ಏನ್ರೀ, ನಿಮ್ಮ ಕೈಗುಣ ಛಲೋ ಐತಿ ನೋಡ್ರಿ. ಆರ್ಡರ್ ಮ್ಯಾಲೆ ಆರ್ಡರ್ ಬಂದಾವು. ಎಲ್ಲಾ ಮುಗದದ ಪಾಟೀಲ್ರದ್ದು.”

“ಎಲ್ಲಾ ಒಬ್ಬರದ್ದ?”

“ಮದುವಿ ಮನಿ ಇರಬೇಕು,” ಎಂದರು ಸುಶೀಲಾ ಕಾಕು ಹಿಟ್ಟು ನಾದುತ್ತ. “ಬೀಗರು ಬಂದಂಗೆಲ್ಲಾ ರೊಟ್ಟಿ ಏರಿಸಾಕತ್ತಾರ.”

ಹೆಸರು ಎಲ್ಲೋ ಕೇಳಿದಂತಿತ್ತು. ಮುಗದ ಹಳ್ಳಿಯ ದೊಡ್ಡ ಮನೆತನವಿರಬೇಕು ಎಂದುಕೊಂಡೆ. ಒಮ್ಮೆ ಫೋನ್ ಮಾಡಿ ಕೇಳೋಣ ಎಂದಳು ಶಾಂತಾ. ಗಿರಾಕಿಗೆ ಫೋನ್ ಮಾಡುವುದಾದರೆ ವೆಬ್‌ಸೈಟ್ ಯಾಕೆ ಬೇಕಿತ್ತು ಎಂದು ತಡೆದವನೂ ನಾನೇ.

ಇಬ್ಬರೂ ರಟ್ಟೆ ಬೀಳುವ ಹಾಗೆ ರೊಟ್ಟಿ ಬಡಿದರು. ನಡುನಡುವೆ ಶಾಂತಾ, “ಹಾಸ್ಟೆಲ್ಲಿಂದು ಇನ್ನೂ ಬರವಲ್ದಲ್ಲ,” ಎನ್ನುತ್ತಿದ್ದಳು. “ರವಿವಾರ, ತಡಾ ಎದ್ದಿರಬೇಕು,” ಎಂದು ಸಮಾಧಾನ ಹೇಳಿ, ಸ್ಕೂಟರಿಗೆ ಬುಟ್ಟಿ ಕಟ್ಟಿಕೊಂಡು ಮುಗದಕ್ಕೆ ಹೊರಟೆ.

ಮುಗದದಲ್ಲಿ ಚಹಾದ ಅಂಗಡಿಯ ಮುಂದೆ ಕೂತಿದ್ದ ಹಿರಿಯರೊಬ್ಬರನ್ನು ಪಾಟೀಲರ ಮದುವೆ ಮನೆ ಯಾವುದೆಂದು ಕೇಳಿದೆ. ಅವರು ನನ್ನನ್ನೂ ಬುಟ್ಟಿಯನ್ನೂ ನೋಡಿದರು. “ಇವತ್ತ ಇಲ್ಲಿ ಯಾರ ಮನ್ಯಾಗೂ ಮದುವಿ ಇಲ್ಲರೀ. ನಂಬರ್ ಐತೇನು? ಕೊಡ್ರಿ, ನಾ ಹಚ್ಚತೇನಿ.”

ಶಾಂತಾ ಬರೆದುಕೊಟ್ಟ ಚೀಟಿ ಕೊಟ್ಟೆ. ಅವರು ಫೋನ್ ಹಚ್ಚಿದರು. ಅಷ್ಟರಲ್ಲಿ ನನ್ನ ಜೇಬಿನ ಫೋನೂ ರಿಂಗಣಿಸಿತು. “ನನಗೂ ಒಂದು ಫೋನ್ ಬಂತ್ರಿ,” ಎಂದು ಪಕ್ಕಕ್ಕೆ ಸರಿದು ಎತ್ತಿದೆ.

“ಪಾಟೀಲ್ರೇನ್ರಿ?” ಎಂದಿತು ಆ ಕಡೆಯ ದನಿ.

“ಅಲ್ಲರೀ, ರಾಂಗ್ ನಂಬರ್,” ಎಂದು ಇಟ್ಟುಬಿಟ್ಟೆ.

“ರಾಂಗ್ ನಂಬರ್ ಅಂದ್ರು,” ಎಂದರು ಹಿರಿಯರು.

“ಇನ್ನೊಮ್ಮಿ ಹಚ್ಚಿ ನೋಡ್ರಿ.”

ಹಚ್ಚಿದರು. ನನ್ನ ಜೇಬು ಮತ್ತೆ ರಿಂಗಣಿಸಿತು. ಅವರು ನನ್ನ ಜೇಬು ನೋಡಿದರು, ನಾನು ಅವರ ಕೈ ನೋಡಿದೆ. “ಸಾಹೇಬ್ರ, ಪಾಟೀಲ್ರು ಸಿಕ್ರು ನೋಡ್ರಿ,” ಎಂದರು ಅವರು, ಒಂದಿಷ್ಟೂ ನಗದೆ.

ಆಗ ಎಲ್ಲವೂ ನೆನಪಾಯಿತು. ವೆಬ್‌ಸೈಟ್ ಕಟ್ಟುವಾಗ, ಪರೀಕ್ಷೆಗೆಂದು ಪ್ರತಿಸಲ ಹೆಸರು ತುಂಬುವುದು ಬೇಡವೆಂದು, ಮುಗದದ ಪಾಟೀಲರೆಂಬ ಗಿರಾಕಿಯನ್ನು ನಾನೇ ಹುಟ್ಟಿಸಿದ್ದೆ. ನಂಬರು ನನ್ನ ಎರಡನೇ ಸಿಮ್ಮಿನದು, ಅದು ಫೋನಿನಲ್ಲಿದೆ ಎಂಬುದೇ ಮರೆತುಹೋಗಿತ್ತು. ಒಂದು ಲಿಂಕು ಒತ್ತಿದರೆ ಸಾಕು, ಪಾಟೀಲರ ಹೆಸರಿನಲ್ಲಿ ಒಂದು ಆರ್ಡರು. ಅದೇ ಲಿಂಕನ್ನು ಕದ ತಟ್ಟಲು ಅಂಟಿಸಿದ್ದೆ. ತಟ್ಟಿದಾಗಲೆಲ್ಲ ಪಾಟೀಲರು ರೊಟ್ಟಿ ಬೇಡಿದ್ದರು.

ಬುಟ್ಟಿ ಇಳಿಸದೆ ತಿರುಗಿ ಬಂದೆ. ದಾರಿಯುದ್ದಕ್ಕೂ, ಹಾಸ್ಟೆಲ್ಲಿನ ಆರ್ಡರಾದರೂ ಬಂದಿರಲಿ, ಈ ರೊಟ್ಟಿ ಅಲ್ಲಿಗೇ ಕೊಟ್ಟರಾಯಿತು ಎಂದು ದೇವರನ್ನು ಬೇಡಿಕೊಂಡೆ. ಶಾಂತಾ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು.

“ವಾರ್ಡನ್ ಮೇಡಂ ಫೋನ್ ಮಾಡಿದ್ರು,” ಎಂದಳು. “ನಿಮ್ಮ ವೆಬ್‌ಸೈಟ್ ಈ ಸಲ ಭಾಳ ಲಗೂ ತೆರೀತಂತ.”

“ಹೌದಾ?”

“ಹೂಂ. ತೆರೆದ ಕೂಡ್ಲೆ ‘ಇವತ್ತಿನ ರೊಟ್ಟಿ ಮುಗಿದವು’ ಅಂತ ತೋರಿಸ್ತಂತ. ಬ್ಯಾರೆ ಕಡೆ ಹೇಳಿಬಿಟ್ಟಾರ.”

ನಾನು ಅಭಿಮಾನದಿಂದ ಕಟ್ಟಿದ ಬಾಗಿಲು, ಪಾಟೀಲರ ಆರ್ಡರು ತುಂಬಿದ ಕೂಡಲೇ ಹಾಕಿಕೊಂಡಿತ್ತು. ಅವಳ ಅಂಗೈ ಕೆಂಪಗಾಗಿತ್ತು.

“ಪಾಟೀಲ್ರು ಸಿಗಲಿಲ್ಲೇನು?” ಬುಟ್ಟಿ ನೋಡಿ ಕೇಳಿದಳು.

“ಸಿಕ್ರು.”

“ಎಲ್ಲಿದ್ರು?”

“ಇಲ್ಲೇ ಅದಾರ,” ಎಂದು ಎಲ್ಲವನ್ನೂ ಹೇಳಿದೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ.

ಈಗ ಆರ್ಡರು ಮತ್ತೆ ಫೋನಿನಲ್ಲೇ ಬರುತ್ತವೆ. ವೆಬ್‌ಸೈಟ್ ಗಡದ್ದಾಗಿ ಮಲಗಿದೆ, ಎಬ್ಬಿಸುವ ಧೈರ್ಯ ನನಗಿಲ್ಲ. ಅಂದಿನ ರೊಟ್ಟಿಗಳು ಒಣಗಿ ಕಡಕ್ ಆಗಿ ಡಬ್ಬಿಗಳಲ್ಲಿ ಕೂತಿವೆ. ಮನೆಯವರೆಲ್ಲ ಬಿಸಿ ರೊಟ್ಟಿ ಉಂಡ ಮೇಲೆ, ಶಾಂತಾ ಆ ಡಬ್ಬಿ ತೆಗೆದು ನನ್ನ ತಾಟಿಗೆ ಬಡಿಸಿ ಕರೆಯುತ್ತಾಳೆ:

“ಪಾಟೀಲ್ರ, ಊಟಕ್ಕ ಬರ್ರಿ.”

ನಾನು ತಡಮಾಡದೆ ಎದ್ದು ಹೋಗುತ್ತೇನೆ.