ಹೆಸರಿಗೊಂದು ಹೆಡರ್ ಫೈಲು

ದೇವದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಮುದುಕನಾದ ನನಗೆ ಚೆನ್ನಾಗಿ ಬರುವ ವಿದ್ಯೆ ಒಂದೇ. ಫೈಲಿನಲ್ಲಿ ಯಾವುದಾದರೂ ಕಾಗದ ಇಲ್ಲದಿದ್ದರೆ, ಬಿಳಿ ಹಾಳೆಯ ಮೇಲ್ಗಡೆ ಆ ಕಾಗದದ ಹೆಸರು ಬರೆದು ದಾರಕ್ಕೆ ಪೋಣಿಸಿಬಿಡುವುದು. ಸಾಹೇಬರು ಹಾಳೆ ಎಣಿಸುತ್ತಾರೆ, ಓದುವುದಿಲ್ಲ. ನಿವೃತ್ತನಾಗಿ ಮಾನ್ವಿಯ ಮನೆಯಲ್ಲಿ ಕೂತ ಮೇಲೂ ಈ ವಿದ್ಯೆಯ ಜಂಬ ನನಗೆ ಇಳಿದಿರಲಿಲ್ಲ. ಇಳಿಸಿದ್ದು ಕಂಪ್ಯೂಟರು.

ಹೆಂಡತಿ ನೀಲಮ್ಮ ತೀರಿಕೊಂಡು ಬರುವ ಸೋಮವಾರಕ್ಕೆ ವರ್ಷ. ಹೃದಯಾಘಾತ. ಮಾತಾಡಿಸಲು ಬಂದವರಿಗೆಲ್ಲ "ಒಂದು ಸೂಚನೆಯೂ ಇರಲಿಲ್ಲ, ಒಮ್ಮೆಲೇ ಹೋದಳು" ಎಂದು ನಾನು ಹೇಳುತ್ತ ಬಂದಿದ್ದೆ. ಭಜನೆಯ ಹಾಡು ರೂಢಿ ಮಾಡಿಕೊಳ್ಳಲು ಅವಳು ಅಡುಗೆಮನೆಯಲ್ಲಿ ಹಳೆಯ ರೆಕಾರ್ಡರ್ ಒಂದನ್ನು ಇಟ್ಟುಕೊಂಡಿದ್ದಳು. ಅವಳ ದನಿ ಉಳಿದಿದ್ದರೆ ಅದರಲ್ಲಿದ್ದ ಒಂದೇ ಒಂದು ಫೈಲಿನಲ್ಲಿ. ಭಜನೆಯ ಹೆಂಗಸರು "ಅಕ್ಕನ ಹಾಡು ಅವತ್ತ ಹಚ್ಚ್ರಿ" ಎಂದು ಕೇಳಿದ್ದರು. ರೆಕಾರ್ಡರಿನ ಸ್ಪೀಕರ್ ಕೆಟ್ಟಿತ್ತು; ಅದರ ಹಳೆಯ ನಮೂನೆಯ ಫೈಲನ್ನು ಓದುವ ಪ್ರೋಗ್ರಾಮು ಈಗ ಸಿದ್ಧರೂಪದಲ್ಲಿ ಎಲ್ಲೂ ಸಿಗುವುದಿಲ್ಲ. ಮೂಲ ಕೋಡ್ ಇಳಿಸಿಕೊಂಡು ನಾವೇ ಕಂಪೈಲ್ ಮಾಡಿ, ಅಂದರೆ ನಡೆಯುವ ಪ್ರೋಗ್ರಾಮಾಗಿ ಕಟ್ಟಿಕೊಳ್ಳಬೇಕು. ರಾಯಚೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮಹೆಬೂಬ್, ಕೊಡಬೇಕಾದ ಕಮಾಂಡುಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಟ್ಟಿದ್ದ.

ಮೊದಲ ಏಟಿಗೇ ಕಂಪ್ಯೂಟರು, ಇಂಥ ಹೆಸರಿನ ಹೆಡರ್ ಫೈಲ್ ಇಲ್ಲ ಎಂದು ಹಟ ಹಿಡಿದು ನಿಂತಿತು. ಇಲ್ಲ ಎಂದರೆ ಬಿಡುವವನೇ ನಾನು? ಅದೇ ಹೆಸರಿನ ಖಾಲಿ ಫೈಲೊಂದನ್ನು ಮಾಡಿ, ಅದು ಹುಡುಕುವ ಜಾಗದಲ್ಲೇ ಇಟ್ಟೆ. ಆ ದೂರು ಅಲ್ಲಿಗೇ ನಿಂತಿತು. ಮೀಸೆ ತಿರುವಿಕೊಳ್ಳುವಷ್ಟರಲ್ಲಿ ಪರದೆಯ ತುಂಬ ಬೇರೆ ದೂರುಗಳು! ಎರಡು ದಿನ ಗುದ್ದಾಡಿ, ಮೂರನೆಯ ದಿನ ಸೋತು ಮಹೆಬೂಬ್‌ಗೆ ಫೋನು ಹಚ್ಚಿದೆ.

"ಆ ಹೆಡರಿನ್ಯಾಗ ಏನದ, ತೆರದು ನೋಡ್ರಿ ಸಾಹೇಬ್ರ."

"ಅದರಾಗ ಏನೂ ಇಲ್ಲಪಾ. ಖಾಲಿ ಫೈಲ್ ನಾನ ಮಾಡಿ ಇಟ್ಟೀನಿ."

"ಯಾ ಅಲ್ಲಾ! ಇದು ನಿಮ್ಮ ಆಫೀಸ್ ಅಲ್ರೀ, ಇದು ಓದ್ತದ. ದನಿ ಬಿಡಿಸೋ ತಯಾರ್ ಕೋಡಿಗಿ ಲೈಬ್ರರಿ ಅಂತಾರ, ಅದಕ್ಕ ಹ್ಯಾಂಗ ಕೆಲಸ ಹೇಳಬೇಕಂತ ಹೆಡರಿನ್ಯಾಗ ಬರದಿರ್ತದ. ಲೈಬ್ರರಿ ನಿಮ್ಮಲ್ಲಿ ಅದ, ಹೆಡರ್ ಬ್ಯಾರೆ ಪ್ಯಾಕೇಜಿನ್ಯಾಗ ಬರ್ತದ. ಖಾಲಿದು ಅಳಸಿ ಅದನ್ನ ಹಾಕ್ರಿ."

ಹಾಕಿದೆ. ಕಂಪ್ಯೂಟರು ತುಟಿಪಿಟಕ್ಕೆನ್ನದೆ ಕೆಲಸ ಮುಗಿಸಿತು. ಫೈಲು ತೆರೆದರೆ ಮೊದಲು ಕುಕ್ಕರಿನ ಸೀಟಿ, ಆಮೇಲೆ ಎರಡು ಸಾಲು ಹಾಡು. ನೀಲಮ್ಮನ ದನಿಯೇ. ನನಗೆ ಅಳು ತಡೆಯಲಾಗಲಿಲ್ಲ. ಅಷ್ಟರಲ್ಲಿ ಹಾಡು ನಿಂತಿತು.

"ಏನ್ರೀ, ಎದಿ ಹಿಡದಂಗ ಆಗಾಕತ್ತದ."

ಹೊರಕೋಣೆಯಿಂದ ನನ್ನ ದನಿ: "ಹ್ಞೂಂ."

"ಎಡಗೈನೂ ಜೋಮು ಹಿಡದದ. ರಾಯಚೂರಿಗಿ ಹೋಗಿ ತೋರಿಸ್ಕೊಂಡು ಬರೋಣೇನು?"

"ಹ್ಞೂಂ."

"ಕೇಳಾಕತ್ತೀರಿಲ್ಲೋ?"

"ಹ್ಞೂಂ."

ಪೇಪರಿನ ಪುಟ ತಿರುವಿದ ಸದ್ದು ಕೂಡ ಸ್ಪಷ್ಟವಾಗಿತ್ತು. ಸ್ವಲ್ಪ ಹೊತ್ತು ಕಾದು, ಅವಳು ಮತ್ತೆ ಹಾಡತೊಡಗಿದಳು.

ಭಜನೆಯ ಹೆಂಗಸರು ನಿನ್ನೆ ಬಂದು ಕೇಳಿದರು. ಯಾವುದೋ ಹೆಡರ್ ಫೈಲ್ ಸಿಗಲಿಲ್ಲ, ಹಾಡು ಕೇಳಿಸುವುದಿಲ್ಲ ಎಂದೆ. ಪಾಪ, ನಂಬಿದರು.