ಚೌತಿಯ ಚಂದ್ರನೂ ಅತ್ರಾಸದ ಡಬ್ಬಿಯೂ

ಮನುಷ್ಯನಿಗೆ ಒಂದು ವಿಷಯ ಪೂರ್ತಿ ಗೊತ್ತಿದ್ದರೆ ಸುಖ, ಏನೂ ಗೊತ್ತಿಲ್ಲದಿದ್ದರೆ ಪರಮಸುಖ. ನನ್ನ ಹಾಗೆ ಅರ್ಧಂಬರ್ಧ ಗೊತ್ತಿರುವವರದು ಮಾತ್ರ ನಾಯಿಪಾಡು. ಹೊನ್ನಾವರದ ಒಂದು ಸಹಕಾರಿ ಸಂಘದಲ್ಲಿ ನಾನು ಗುಮಾಸ್ತ. ಆ ಕೆಲಸಕ್ಕೂ ಆಕಾಶಕ್ಕೂ ಎತ್ತಣಿಂದೆತ್ತ ಸಂಬಂಧ. ಆದರೆ ಒಮ್ಮೆ ಗ್ರಹಣದ ದಿನ, ಊರೆಲ್ಲ ಉಪವಾಸ ಕೂತ ಹೊತ್ತಿನಲ್ಲಿ, ನಮ್ಮೂರು ಹಳದೀಪುರದ ಬಸ್ ಸ್ಟಾಪಿನಲ್ಲಿ ನಿಂತು ಬಾಳೆಹಣ್ಣು ತಿನ್ನುತ್ತ ರಾಹುಕೇತುಗಳ ಬಗ್ಗೆ ನಾಲ್ಕು ಮಾತು ಆಡಿಬಿಟ್ಟೆ. ಅಷ್ಟಕ್ಕೇ ಊರಿನ ಪಾಲಿಗೆ ಖಗೋಳ ವಿಜ್ಞಾನಿಯಾದೆ.

ಅಂದಿನಿಂದ ಬಸ್ಸಿಗೆ ನಿಂತರೆ ಪ್ರಶ್ನೆ. ಬಸ್ಸು ಓಡಿದ ಹಾಗೆ ಚಂದ್ರ ಯಾಕೆ ಜೊತೆಗೇ ಬರುತ್ತಾನೆ? ಉದುರಿದ ನಕ್ಷತ್ರ ಎಲ್ಲಿ ಬೀಳುತ್ತದೆ? ಪ್ಲುಟೊ ಗ್ರಹವಲ್ಲ ಎಂದಾದ ಮೇಲೆ ನಮ್ಮ ಜಾತಕಕ್ಕೆ ಏನಾದರೂ ತೊಂದರೆ ಇದೆಯೇ? ಇವಕ್ಕೆಲ್ಲ ಹೇಗೋ ಉತ್ತರ ಹೊಸೆದೆ. ಒಂದು ದಿನ ಮೀನು ಮಾರುವ ದೇವಮ್ಮ ಬುಟ್ಟಿ ಕೆಳಗಿಟ್ಟು, "ಅಲ್ರಾ, ಚಂದ್ರ ಇರೂದು ಒಂದೇ, ಸಮುದ್ರ ಉಕ್ಕೂದು ಮಾತ್ರ ದಿನಕ್ಕೆ ಎರಡು ಸಲ. ಅದೆಂತಕ್ಕೆ?" ಎಂದಳು. ನಾನೂ ಅದನ್ನು ಓದಿದ್ದೆ, ಸಮಯಕ್ಕೆ ನೆನಪಾಗಬೇಕಲ್ಲ! "ಅದು ದೊಡ್ಡ ವಿಷಯ, ನನ್ನ ಬಸ್ಸು ಬಂತು" ಎಂದು ಹತ್ತಿ ಕೂತೆ. ಬಂದದ್ದು ಹೊನ್ನಾವರದ್ದಲ್ಲ, ಎದುರು ದಿಕ್ಕಿಗೆ ಹೋಗುವ ಕುಮಟೆಯ ಬಸ್ಸು. ಅಂದು ಅರ್ಧ ದಿನದ ರಜೆ ಹೋಯಿತು.

ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯಲ್ಲಿ ದುರ್ಬೀನು ಕೊಂಡದ್ದು ಈ ಮರ್ಯಾದೆ ಉಳಿಸಿಕೊಳ್ಳುವುದಕ್ಕೇ. ಆದರೆ ನಿಜ ಹೇಳುತ್ತೇನೆ, ಅದು ಬಂದ ಮೇಲೆ ನನಗೆ ಬೇರೆ ಚಟವೇ ಬೇಡವಾಯಿತು. ದಿನವಿಡೀ ಸಂಘದ ಕಡತಗಳಲ್ಲಿ ತಲೆ ಹುದುಗಿಸಿದವನಿಗೆ ಸಂಜೆ ಜಗಲಿಯಲ್ಲಿ ಕೂತು ಶನಿಯ ಉಂಗುರ ಕಂಡರೆ, ಬದುಕಿದ್ದಕ್ಕೂ ಸಾರ್ಥಕ ಅನಿಸುತ್ತಿತ್ತು. ಹೆಂಡತಿ ಸುಮತಿಗೆ ಮಾತ್ರ ಅದು ಜಗಲಿ ಗುಡಿಸಲು ಅಡ್ಡಬರುವ ಮೂರು ಕಾಲಿನ ಪ್ರಾಣಿ.

ಹೋದ ವರ್ಷ ಗಣೇಶ ಚೌತಿ ಬಂತು. ನಮ್ಮ ಕಡೆಯ ಶಾಸ್ತ್ರ ನಿಮಗೂ ಗೊತ್ತಿರಬಹುದು: ಚೌತಿಯ ಸಂಜೆ ಚಂದ್ರನನ್ನು ನೋಡಬಾರದು, ನೋಡಿದರೆ ಮಾಡದ ಕಳ್ಳತನ ತಲೆಗೆ ಬರುತ್ತದೆ. ವಿಪರ್ಯಾಸ ನೋಡಿ, ದುರ್ಬೀನಿಗೆ ಹುಣ್ಣಿಮೆಯ ಚಂದ್ರ ತೀರಾ ಸಪ್ಪೆ. ಚೌತಿಯ ಎಳೆಚಂದ್ರನಲ್ಲೇ ಬೆಟ್ಟಗುಂಡಿಗಳ ನೆರಳು ಉದ್ದಕ್ಕೆ ಬಿದ್ದು ಎಲ್ಲ ಎದ್ದು ಕಾಣುವುದು. ಅಂದು ಮಳೆಯೂ ಬಿಟ್ಟಿತ್ತು. ನಮ್ಮ ಜೊತೆಯಲ್ಲೇ ಇರುವ ಅತ್ತೆಯವರು ಸಂಜೆಗೇ ಕಿಟಕಿ ಹಾಕಿ ಒಳಗೆ ಕೂತರು. ಸುಮತಿ, "ಬ್ಯಾಡ ಮಾರಾಯ್ರೆ, ಒಂದು ದಿನ ನೋಡದಿದ್ರೆ ಚಂದ್ರ ಎಂತ ಓಡಿಹೋಗ್ತದಾ?" ಎಂದಳು. ನಾನು ಅಜ್ಞಾನದ ಮೇಲೊಂದು ಸಣ್ಣ ಭಾಷಣ ಬಿಗಿದು, ಕಣ್ತುಂಬ ನೋಡಿದೆ.

ಮರುದಿನ ಬೆಳಿಗ್ಗೆ ಅತ್ರಾಸದ ಡಬ್ಬಿ ಅರ್ಧ ಖಾಲಿ. ಅಕ್ಕಿ ಬೆಲ್ಲದ ಆ ಅತ್ರಾಸಗಳನ್ನು ಸುಮತಿ ಕುಮಟೆಯಿಂದ ಬರುವ ತಮ್ಮನಿಗೆಂದು ಎತ್ತಿಟ್ಟಿದ್ದಳು. ನನಗೆ ಸಕ್ಕರೆ ಕಾಯಿಲೆ, ಬೆಲ್ಲದ ಹೆಸರೂ ಎತ್ತಬಾರದೆಂದು ಡಾಕ್ಟರ ಅಪ್ಪಣೆ. ಅಂಥವನ ಮೇಲಲ್ಲದೆ ಮತ್ತಾರ ಮೇಲೆ ಅನುಮಾನ ಬರಬೇಕು? ಗಣಪತಿಯಾಣೆ, ನಾನು ಮುಟ್ಟಿರಲಿಲ್ಲ. ಹಾಗೆಂದೆ ಕೂಡ. ಸುಮತಿ ಸೊಂಟಕ್ಕೆ ಕೈಯಿಟ್ಟು ನ್ಯಾಯ ಹೇಳಿದಳು: "ತಿಂದಿದ್ರೆ ತಿಂದೆ ಅನ್ನಿ, ಅಲ್ಲಿಗೆ ಆತು. ತಿನ್ನದೇ ಕಳ್ಳ ಅನ್ನಿಸ್ಕೊಂಡ್ರೆ ಅದು ಚಂದ್ರನ್ನ ನೋಡಿದ ಫಲ. ಇವತ್ತೇ ಆ ದುರ್ಬೀನು ಅಟ್ಟಕ್ಕೆ ಹೋಗ್ಲಿ."

ನೋಡಿದಿರಾ ಇಕ್ಕಟ್ಟು? ನಿರಪರಾಧಿ ಎಂದರೆ ಶಾಸ್ತ್ರ ಗೆದ್ದಿತು, ವಿಜ್ಞಾನ ಉಳಿಯಬೇಕಾದರೆ ನಾನು ಕಳ್ಳನಾಗಬೇಕು. ಖಗೋಳದವರ ಚರಿತ್ರೆಯಲ್ಲಿ ದಾರಿ ಹುಡುಕಿದೆ. ಗ್ರಹಣವೆಂದರೆ ಬರೀ ನೆರಳು ಎಂದು ನಮ್ಮ ದೇಶದ ಹಳೆಯ ಗಣಿತಜ್ಞರು ಬರೆದಿಟ್ಟಿದ್ದಾರೆ. ಆದರೆ ಅವರ ಮನೆಯಲ್ಲಿ ಗ್ರಹಣದ ಹೊತ್ತು ಒಲೆ ಉರಿಯಿತೋ ಇಲ್ಲವೋ ಎಲ್ಲಿಯೂ ಬರೆದಿಲ್ಲ. ಉರಿದಿರಲಿಕ್ಕಿಲ್ಲ ಎಂದು ನನ್ನ ಅನುಮಾನ. ಚಂದ್ರನಲ್ಲಿ ಬೆಟ್ಟ ಕಂಡ ಇಟಲಿಯ ಮಹಾನುಭಾವರು, ಮುದಿಪ್ರಾಯದಲ್ಲಿ ಧರ್ಮಗುರುಗಳ ಮುಂದೆ ಮಂಡಿಯೂರಿ, ಭೂಮಿ ಸುತ್ತುತ್ತದೆ ಎಂದದ್ದು ತಪ್ಪಾಯಿತು ಅಂದರಂತೆ. ಅವರು ಪ್ರಾಣ ಉಳಿಸಿಕೊಳ್ಳಲು ಸತ್ಯ ಬಿಟ್ಟರು. ನಾನು ದುರ್ಬೀನು ಉಳಿಸಿಕೊಳ್ಳಲು ಮಾನ ಬಿಟ್ಟೆ. "ತಿಂದದ್ದು ನಾನೇ ಮಾರಾಯ್ತಿ" ಎಂದೆ.

ದುರ್ಬೀನು ಜಗಲಿಯಲ್ಲೇ ಉಳಿಯಿತು. ನನ್ನ ತಟ್ಟೆಯ ಅನ್ನ ಅರ್ಧಕ್ಕಿಳಿದು, ಉಳಿದರ್ಧಕ್ಕೆ ಹಾಗಲಕಾಯಿ ಬಂತು. ಭಾವಮೈದುನ ಬಂದವನು, "ಭಾವ, ಕೇಳಿದ್ರೆ ನಾನೇ ಕೊಡ್ತಿದ್ನಲ್ಲ" ಎಂದು ಬೆನ್ನು ತಟ್ಟಿದ. ವಿಜ್ಞಾನಕ್ಕಾಗಿ ಇಷ್ಟಾದರೂ ಸಹಿಸಬೇಕಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡೆ.

ಅಂದು ಸಂಜೆ ಅತ್ತೆಯವರು ಮೆಲ್ಲಗೆ ಜಗಲಿಗೆ ಬಂದು ಪಕ್ಕದಲ್ಲಿ ಕೂತರು. ಅವರಿಗೂ ನನ್ನದೇ ಕಾಯಿಲೆ, ನನ್ನದೇ ಪಥ್ಯ.

"ಅಳಿಯಂದಿರೆ, ನೀವು ಒಳ್ಳೇ ಜನ. ಅತ್ರಾಸ ತಿಂದದ್ದು ನಾನು. ಸುಮತಿ ಹತ್ರ ಹೇಳ್ಬೇಡಿ, ನಾಲಿಗೆ ಕೇಳ್ಲಿಲ್ಲ."

ನಾನು ದುರ್ಬೀನಿನಿಂದ ಕಣ್ಣು ತೆಗೆದೆ. ಅವರು ಮುಂದುವರಿಸಿದರು: "ಆದ್ರೆ ಒಂದು ನೋಡಿ. ನಾನು ತಿಂದೆ, ಚಂದ್ರನ್ನ ನೋಡ್ಲಿಲ್ಲ. ನನ್ನ ಹೆಸ್ರು ಯಾರೂ ತೆಗೀಲಿಲ್ಲ. ನೀವು ತಿನ್ಲಿಲ್ಲ, ಚಂದ್ರನ್ನ ನೋಡಿದ್ರಿ, ಎಂತ ಆತು? ಇನ್ನಾದ್ರೂ ಹಿರೇರು ಹೇಳಿದ್ದು ಕೇಳಿ."

ಇದಕ್ಕೆ ಉತ್ತರವನ್ನು ನನ್ನಲ್ಲಿರುವ ಎಲ್ಲ ಪುಸ್ತಕಗಳಲ್ಲೂ ಹುಡುಕಿದೆ, ಸಿಗಲಿಲ್ಲ. ಕಾಕತಾಳೀಯ ಎಂದು ಹೇಳಬಹುದಿತ್ತು. ಕದ್ದವರೇ ಬಂದು ಪುರಾವೆ ಒದಗಿಸಿದ ಮೇಲೆ ಆ ಮಾತಿಗೆ ಏನು ಬೆಲೆ? ಈ ವರ್ಷದ ಚೌತಿಯ ಸಂಜೆ ದುರ್ಬೀನು ಹೊರಗಿಟ್ಟು, ವಿಜ್ಞಾನಿಯ ಗತ್ತಿನಲ್ಲಿ ಅಂಗಳಕ್ಕಿಳಿದೆ. ಅಷ್ಟರಲ್ಲಿ ಪಶ್ಚಿಮದಿಂದ ದಟ್ಟ ಮೋಡ ಬಂದು ಆಕಾಶ ಪೂರ್ತಿ ಮುಚ್ಚಿಹೋಯಿತು. ಮೋಡ ಬಂತೆಂದು ದೇವರಿಗೆ ಕೈಮುಗಿದ ಖಗೋಳಪ್ರೇಮಿ ಇಡೀ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.